ಮೊಣಕಾಲಿನ ತಗ್ಗು

ಬೆಳಗಾವಿ
೨ ಡಿಸೆಂಬರ್ ೨೦೨೪

ಗೆಳೆಯ ಧನ್ಯಾ,

ನಿನ್ನ ಫೋನು ರಿಂಗಾಗುತ್ತದೆ, ನೀನು ಎತ್ತುವುದಿಲ್ಲ. ಮೊದಲು ನಿನಗೆ ಕಿವಿ ಮಂದವಾಗಿರಬೇಕು ಅಂದುಕೊಂಡೆ. ಆಮೇಲೆ ಬೇಕಂತಲೇ ಎತ್ತುತ್ತಿಲ್ಲ ಅಂತ ತಿಳಿಯಿತು. ಅದಕ್ಕೆ ಕಾಗದ. ಖಾನಾಪುರದ ಕನ್ನಡ ಸಾಲೆಯಲ್ಲಿ ನಿನ್ನ ಪಾಟಿ ನೋಡಿ ನೋಡಿ ಕಲಿತ ಅಕ್ಷರ ಇವು, ತಪ್ಪಿದ್ದರೆ ಅರ್ಧ ಪಾಲು ನಿನ್ನದು.

ನನ್ನ ಮಗ ಸಾದಿಕ ಹಿಂಡಲಗಾ ಜೈಲಿನಲ್ಲಿದ್ದಾನೆ. ನಿನಗೆ ಗೊತ್ತಿದ್ದದ್ದೇ. ಆದರೂ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ನನ್ನ ತಲೆಯಲ್ಲೂ ಅದು ಸಾಲಾಗಿ ಕೂರಬೇಕು.

ನವೆಂಬರ್ ಹದಿನೆಂಟು, ಸೋಮವಾರ ಸಂಜೆ. ಜಾಂಬೋಟಿ ರಸ್ತೆಯಲ್ಲಿ ಕರೆಪ್ಪ ಎಂಬವನು ಸೈಕಲ್ ಮೇಲೆ ಮನೆಗೆ ಹೊರಟಿದ್ದ. ಒಂದು ಕಾರು ಅವನಿಗೆ ಬಡಿದು, ಮೋರಿಯ ತನಕ ಎಳೆದುಕೊಂಡು ಹೋಗಿ, ಅಲ್ಲೇ ಬಿಟ್ಟು ಹೋಯಿತು. ಕರೆಪ್ಪ ಸತ್ತ. ದೂರದಿಂದ ಕಂಡವರು ಕೆನೆ ಬಣ್ಣದ ಹಳೇ ಫಿಯಾಟ್ ಅಂದರು. ತಾಲ್ಲೂಕಿಗೆಲ್ಲ ಅಂಥ ಗಾಡಿ ಒಂದೇ, ನಿನ್ನದು.

ಮಂಗಳವಾರ ನಸುಕಿನಲ್ಲಿ ನಾನು ನಮಾಜು ಮುಗಿಸಿ ಬರುವಷ್ಟರಲ್ಲಿ ನಿನ್ನ ಮಗ ಸೌರಭ ಆ ಫಿಯಾಟ್ ತಂದು ನನ್ನ ಗ್ಯಾರೇಜಿನ ಮುಂದೆ ನಿಂತಿದ್ದ. "ಎಮ್ಮಿ ಅಡ್ಡ ಬಂತ್ರಿ ಕಾಕಾ," ಅಂದ. ಮುಂದಿನ ಮಡ್‌ಗಾರ್ಡು ಒಳಗೆ ಹೋಗಿತ್ತು, ಬಾನೆಟ್ಟಿನ ಮೂತಿ ಸೊಟ್ಟಗಾಗಿತ್ತು, ಒಂದು ದೀಪ ಒಡೆದಿತ್ತು. ತೊಡೆಯ ಮೇಲೆ ಆಡಿಸಿದ ಹುಡುಗ, ನಂಬಿದೆ. ನಾಲ್ಕು ದಿನ ಕೂತು ತಗಡಿನ ಪತ್ರಾ ಬಡಿದು ಸರಿ ಮಾಡಿದೆ. ಶನಿವಾರ ಸಾದಿಕ ಗಾಡಿ ನಿಮ್ಮ ಮನೆಗೆ ಮುಟ್ಟಿಸಲು ಹೋದ. ನಿಮ್ಮ ಓಣಿಯ ಬಾಯಲ್ಲೇ ಪೊಲೀಸರು ಹಿಡಿದರು. ನೀನು ಅವರ ಮುಂದೆ, ಗಾಡಿ ಹನ್ನೆರಡನೇ ತಾರೀಖಿನಿಂದ ಮೀರಾಸಾಬನ ಹತ್ತಿರವೇ ಇದೆ, ತುಕ್ಕಿನ ಕೆಲಸಕ್ಕೆ ಬಿಟ್ಟಿದ್ದೆ ಅಂದೆಯಂತೆ. ಅಲ್ಲಿಗೆ ಎಲ್ಲ ಹೊಂದಿಕೊಂಡಿತು. ಸೋಮವಾರ ಸಾದಿಕನೇ ಗಾಡಿ ಓಡಿಸಿದ, ಅಪ್ಪ ಮಗ ಕೂಡಿ ತಗ್ಗು ಮುಚ್ಚಿದರು ಅಂತ ಆಯಿತು.

ಧನ್ಯಾ, ನೀನು ಗಾಬರಿಯಲ್ಲಿ ತಾರೀಖು ತಪ್ಪಿ ಹೇಳಿದ್ದೀ. ನಾನು ಹಾಗೇ ತಿಳಿದಿದ್ದೇನೆ. ಠಾಣೆಗೆ ಹೋಗಿ "ಮರ್ತಿದ್ದೆರಿ, ಗಾಡಿ ಮಂಗಳವಾರದ ತನಕ ನಮ್ಮ ಅಂಗಳದಾಗ ಇತ್ತು" ಅಂದುಬಿಡು. ಯಾರೂ ನಿನ್ನನ್ನು ತಿನ್ನುವುದಿಲ್ಲ. ಎಲ್ಲರ ಗಾಡಿಗೂ ಬಂದ ತಾರೀಖು ಹಾಕಿ ಚೀಟಿ ಬರೆಯುತ್ತೇನೆ, ನಿನ್ನ ಗಾಡಿಗೆ ಎಂದೂ ಬರೆದವನಲ್ಲ. ಬರೆದಿದ್ದರೆ ಇವತ್ತು ನಿನ್ನನ್ನು ಬೇಡುತ್ತಿರಲಿಲ್ಲ. ಸಾದಿಕ ಆ ಸಂಜೆ ಬೈಕ್ ಮೇಲೆ ಶೈಸ್ತಾಳನ್ನು ಬಾಣಂತನಕ್ಕೆಂದು ಖಾನಾಪುರದ ತವರಿಗೆ ಬಿಡಲು ಹೋಗಿದ್ದ. ಅಲ್ಲಿ ಉಂಡು ಬಂದ. ಅವನ ಫೋನೂ ಖಾನಾಪುರ ಅಂತಲೇ ಹೇಳುತ್ತದೆ, ಆದರೆ ಜಾಂಬೋಟಿ ರಸ್ತೆಯ ಟವರೂ ಅದೇ ಅನ್ನುತ್ತಾರೆ ಪೊಲೀಸರು. ಹೆಂಡತಿಯ ಮನೆಯವರ ಸಾಕ್ಷಿ ಯಾರು ನಂಬಬೇಕು?

ಸೌರಭನ ಮಾತು ನಾವಿಬ್ಬರೂ ಆಮೇಲೆ ಕೂತು ಆಡೋಣ. ಮೊದಲು ತಾರೀಖು.

ನಿನ್ನ
ಮೀರಾ


ಖಾನಾಪುರ
೧೫ ಡಿಸೆಂಬರ್ ೨೦೨೪

ಪ್ರಿಯ ಮೀರಾಸಾಬನಿಗೆ,

ಜಯ ಜಿನೇಂದ್ರ. ನಿನ್ನ ಕಾಗದ ಮುಟ್ಟಿತು. ಸಾದಿಕನ ಸುದ್ದಿಯಿಂದ ನಮಗೂ ಅನ್ನ ಸೇರುತ್ತಿಲ್ಲ. ಫೋನಿನಲ್ಲಿ ಮಾತಾಡಬಾರದು ಎಂದು ತಿಳಿದವರು ಹೇಳಿದ್ದರಿಂದ ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಕೇಳಿದವರಿಗೆ ನನಗೆ ನೆನಪಿದ್ದಷ್ಟು ಹೇಳಿದ್ದೇನೆ. ವಯಸ್ಸಾಯಿತು, ಒಮ್ಮೆ ಹೇಳಿದ್ದನ್ನು ಮತ್ತೆ ಮತ್ತೆ ಬದಲಿಸಿದರೆ ಯಾರಿಗೂ ಒಳ್ಳೆಯದಾಗದು. ಟಿಳಕವಾಡಿಯ ಗೌರೀಶ ವಕೀಲರಿಗೆ ಹೇಳಿದ್ದೇನೆ, ಸಾದಿಕನ ಕೇಸು ಅವರು ನೋಡುತ್ತಾರೆ. ದೊಡ್ಡ ವಕೀಲರು. ಖರ್ಚಿನ ಮಾತನ್ನು ನೀನು ಎತ್ತಲೇಬಾರದು.

ಸೌರಭ ಸಾಂಗಲಿಯಲ್ಲಿ ಸೋದರಮಾವನ ಹತ್ತಿರ ಇದ್ದಾನೆ. ಅವನ ತಾಯಿ ಜಿನಮತಿ ನವೆಂಬರ್ ಇಪ್ಪತ್ನಾಲ್ಕರಿಂದ ಮೌನವ್ರತ ಹಿಡಿದಿದ್ದಾಳೆ, ಮಹಾವೀರ ಜಯಂತಿಯ ತನಕ. ಹಂಚಿನ ವ್ಯಾಪಾರವನ್ನು ಆಳುಗಳಿಗೆ ಬಿಟ್ಟು ನಾನು ಮನೆಯಲ್ಲೇ ಇರುತ್ತೇನೆ. ಒಂದು ಮಾತಿಲ್ಲ, ಕತೆಯಿಲ್ಲ. ಗೋಡೆ ಗಡಿಯಾರದ ಸಪ್ಪಳ ಕೇಳಿ ಕೇಳಿ ನಿನ್ನೆ ಅದರ ಸೆಲ್ ತೆಗೆದಿಟ್ಟೆ.

ದೇವರು ಎಲ್ಲರನ್ನೂ ಕಾಯಲಿ.

ಇಂತಿ,
ಧನ್ಯಕುಮಾರ


ಬೆಳಗಾವಿ
೬ ಜನವರಿ ೨೦೨೫

ಧನ್ಯಾ,

ನಿನ್ನ ಕಾಗದದಲ್ಲಿ ತಾರೀಖು ಹುಡುಕಿದೆ. ನನಗೆ ಬೇಕಾದದ್ದು ಸಿಗಲಿಲ್ಲ, ಮೂಲೆಯಲ್ಲಿ ನೀನು ಬರೆದ ದಿನದ್ದು ಇತ್ತು.

ಈಗ ಬಿಚ್ಚಿ ಹೇಳುತ್ತೇನೆ. ಬಾನೆಟ್ಟು ಮುಗಿಸಿ ಒಳಗೆ ಕೂತಾಗ ಇನ್ನೊಂದು ತಗ್ಗು ಕಣ್ಣಿಗೆ ಬಿತ್ತು. ನಿನ್ನ ಫಿಯಾಟಿನ ಡ್ಯಾಶ್‌ಬೋರ್ಡು ಪೂರಾ ಪತ್ರಾದ್ದು, ಈಗಿನವುಗಳ ಹಾಗೆ ಪ್ಲಾಸ್ಟಿಕ್ ಅಲ್ಲ. ಸ್ಟೇರಿಂಗಿನ ಬಲಕ್ಕೆ, ಚಹಾದ ಬಸಿಯಷ್ಟು ಅಗಲ, ನಡುವೆ ಆಳ. ಬ್ರೇಕ್ ಒದ್ದವನ ಮೊಣಕಾಲು ಬಡಿದ ತಗ್ಗು ಅದು. ಸೌರಭ ಆರು ಫೂಟಿನ ಆಳು, ಆ ನಸುಕಿನಲ್ಲಿ ಬಲಗಾಲು ಎಳೆಯುತ್ತಿದ್ದ. ಸಾದಿಕ ನನ್ನ ಹಾಗೆ ಗಿಡ್ಡ, ಅದೇ ಸೀಟಿನಲ್ಲಿ ಕೂತರೆ ಅವನ ಮೊಣಕಾಲು ನಾಲ್ಕು ಬೆರಳು ಕೆಳಗೇ ನಿಲ್ಲುತ್ತದೆ. ಆ ತಗ್ಗು ಉಳಿದಿದ್ದರೆ ಇಬ್ಬರನ್ನೂ ಕೂರಿಸಿ ನೋಡಿದರೆ ಸಾಕಿತ್ತು.

ಅದನ್ನು ನಾನೇ ತೆಗೆದೆ. ಸೌರಭ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಕಂಡಿತು, ಕೈ ಸುಮ್ಮನಿರಲಿಲ್ಲ. ಹಿಂದಿನಿಂದ ಕೈ ತೂರಿಸಿ ಸಣ್ಣ ಸುತ್ತಿಗೆಯಿಂದ ಸಾವಕಾಶ ಎತ್ತಿದೆ. ಕೂದಲೆಳೆಯಷ್ಟು ಉಳಿದದ್ದಕ್ಕೆ ನವಸಾಗರ ತಿಕ್ಕಿ, ತವರ ಕರಗಿಸಿ, ಮೇಣ ಹಚ್ಚಿದ ಕಟ್ಟಿಗೆಯಿಂದ ಸವರಿದೆ. ಉಜ್ಜಿ ನುಣ್ಣಗೆ ಮಾಡಿ ಬಣ್ಣ ಹೊಡೆದೆ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿಕೊಂಡು ಖುಷಿಯೂ ಪಟ್ಟೆ.

ಬಾಜೂ ಗ್ಯಾರೇಜಿನ ಲಕ್ಷ್ಮಣನನ್ನು ನೀನು ಬಲ್ಲೆ. ಅವನು ಸುತ್ತಿಗೆ ಮುಟ್ಟುವುದಿಲ್ಲ. ತಗ್ಗಿನೊಳಗೆ ಪುಟ್ಟಿ ತುಂಬುತ್ತಾನೆ, ಒಣಗಿದ ಮೇಲೆ ತಿಕ್ಕುತ್ತಾನೆ, ಬಣ್ಣ ಹೊಡೆದು ಕಳಿಸುತ್ತಾನೆ. ಮೂರು ಮಳೆಗಾಲದಲ್ಲಿ ಪುಟ್ಟಿ ಉದುರುತ್ತದೆ. ಜನ್ಮವಿಡೀ ಅವನನ್ನು ಬೈದುಕೊಂಡು ಬಂದೆ. "ನಮ್ಮಪ್ಪನ ಗಾಡಿಗೆ ಪುಟ್ಟಿ ಮುಟ್ಟಿಸಬ್ಯಾಡ ಮೀರಾ" ಅಂತ ನೀನೂ ಹೇಳುತ್ತಿದ್ದೆ. ಈ ಗಾಡಿ ಲಕ್ಷ್ಮಣನ ಕೈಗೆ ಬಿದ್ದಿದ್ದರೆ ಆ ತಗ್ಗು ಪುಟ್ಟಿಯ ಕೆಳಗೆ ಇದ್ದಂತೆಯೇ ಇರುತ್ತಿತ್ತು. ಉಳಿಯಿಂದ ಕೆತ್ತಿ ತೆಗೆದರೆ ಸೌರಭನ ಮೊಣಕಾಲು ಹೊರಗೆ ಬರುತ್ತಿತ್ತು. ಮೊನ್ನೆ ಲಕ್ಷ್ಮಣ ಬಂದು ನನ್ನ ಹತ್ತಿರ ಕೂತ. "ಒಂದ ಸಲಾ ನನ್ನಂಗ ಹೊಲಸ ಕೆಲಸ ಮಾಡಬೇಕಿತ್ರಿ ಸಾಬರ," ಅಂದ. ಚೇಷ್ಟೆಗೆ ಹೇಳಲಿಲ್ಲ, ಹೇಳಿ ಕಣ್ಣೊರೆಸಿಕೊಂಡ.

ಡ್ಯಾಶ್‌ಬೋರ್ಡಿನ ಹಿಂದೆ ನನ್ನ ಸುತ್ತಿಗೆಯ ಗುರುತಿದೆ, ತೋರಿಸೋಣ ಅಂತ ಗೌರೀಶ ವಕೀಲರಿಗೆ ಹೇಳಿದೆ. "ಸುತ್ತಿಗಿ ನಿಮ್ದು, ಕೈ ನಿಮ್ದು, ಮಗಾನೂ ನಿಮ್ಮಾಂವ. ಆ ಗುರುತು ನೀವು ಯಾವಾಗರ ಹೊಡದಿರಬಹುದು ಅಂತಾರ್ರಿ," ಅಂದರು. ಹೌದಲ್ಲ. ಇನ್ನು ಉಳಿದದ್ದು ನಿನ್ನ ಮಾತು ಒಂದೇ.

ಶುಕ್ರವಾರ ನಿಮ್ಮ ಮನೆಗೆ ಬಂದಿದ್ದೆ. ಅದು ನಿನಗೆ ಗೊತ್ತು, ನೀನು ಒಳಗೇ ಇದ್ದೆ. ಜಿನಮತಿ ವೈನಿ ಬಾಗಿಲು ತೆರೆದರು. "ಧನ್ಯಾ ಅದಾನೇನ್ರಿ?" ಅಂದೆ. ಇಲ್ಲ ಅಂತ ಅವರು ತಲೆ ಅಲ್ಲಾಡಿಸಲಿಲ್ಲ. ಹೊಸ್ತಿಲ ಬಳಿ ನಿನ್ನ ಚಪ್ಪಲಿ ಇದ್ದವು, ಅವುಗಳ ಕಡೆ ನೋಡಿದರು. ನಾನೂ ನೋಡಿದೆ. ತಂಬಿಗೆಯಲ್ಲಿ ನೀರು ತಂದುಕೊಟ್ಟರು, ಕುಡಿದೆ. "ವೈನಿ, ಆ ಮಂಗಳವಾರ ನಸುಕಿನ್ಯಾಗ ಗಾಡಿ ನಿಮ್ಮ ಅಂಗಳದಿಂದ ಹೋತೋ ಇಲ್ಲೋ?" ಅಂತ ಕೇಳಿದೆ. ಅವರು ಕೈ ಮುಗಿದರು. ಕೆನ್ನೆಯ ಮೇಲೆ ನೀರು ಇಳಿಯಿತು. ಆಮೇಲೆ ಕೇಳಲು ಬಂದ ಪೊಲೀಸರಿಗೂ ಹೀಗೇ ಕೈ ಮುಗಿದರಂತೆ. ಪೊಲೀಸರು ನಿಮ್ಮ ಮನೆಗೆ ಮೊದಲು ಬಂದದ್ದು ಶನಿವಾರ, ವೈನಿ ಬಾಯಿ ಮುಚ್ಚಿದ್ದು ರವಿವಾರ. ಸುಳ್ಳು ಆಡಬಾರದು ಅಂತ ಮೌನ ಹಿಡಿದಿದ್ದಾರೆ ಅಂತ ನನಗೆ ಅಲ್ಲಿ ನಿಂತಾಗ ತಿಳಿಯಿತು. ಖರೇ ಹೇಳಲೂ ಅದೇ ಬಾಯಿ ಬೇಕಲ್ಲ ಧನ್ಯಾ.

ಒಳಗಿಂದ ನೀನು ಕೆಮ್ಮಿದ್ದು ಕೇಳಿ ಎದ್ದು ಬಂದೆ.

ಮೀರಾಸಾಬ


ಹಿಂಡಲಗಾ
೯ ಫೆಬ್ರವರಿ ೨೦೨೫

ಅಬ್ಬಾ, ಸಲಾಮ್.

ಭೇಟಿಗೆ ಬಂದಾಗ ನೀವು ಅಳುತ್ತೀರಿ, ನಿಮ್ಮನ್ನು ಸಮಾಧಾನ ಮಾಡುವುದರಲ್ಲೇ ವೇಳೆ ಮುಗಿಯುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ಇಲ್ಲಿಯ ಸಾಹೇಬರು ಬೇಗ ಓದಿ ಬಿಡುತ್ತಾರೆ.

ಶೈಸ್ತಾ ಕಳಿಸಿದ ಫೋಟೋ ಸಿಕ್ಕಿತು. ಮಗಳ ಮೂಗು ನಿಮ್ಮದೇ, ಪಾಪ. ದೊಡ್ಡವಳಾದ ಮೇಲೆ ನಿಮ್ಮನ್ನು ಬೈಯುತ್ತಾಳೆ. ಫೋಟೋವನ್ನು ಹಾಸಿಗೆಯ ಕೆಳಗೆ ಇಟ್ಟರೆ ಮಡಚುತ್ತದೆ ಅಂತ ಅಂಗಿಯೊಳಗೆ ಇಟ್ಟುಕೊಂಡಿದ್ದೇನೆ.

ಹೋದ ವಾರ ಕೋರ್ಟಿಗೆ ಕರೆದೊಯ್ದಾಗ ಕರೆಪ್ಪನ ಹೆಂಡತಿ ಬಂದಿದ್ದಳು. ಕಾಶವ್ವ ಅಂತ. ಒಬ್ಬಳೇ ಗೋಡೆಗೆ ಆತು ನಿಂತಿದ್ದಳು. ನಾನು ಅವಳ ಮುಂದಿನಿಂದಲೇ ಹಾದು ಹೋಗಬೇಕಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ನನ್ನ ಕೈ ನೋಡಿದಳು ಅಬ್ಬಾ. ಆ ದಿನದಿಂದ ಊಟಕ್ಕೆ ಕೂತರೆ ನಾನೂ ನನ್ನ ಕೈ ನೋಡುತ್ತಿರುತ್ತೇನೆ.

ಗೌರೀಶ ವಕೀಲರು ಒಂದು ದಾರಿ ಹೇಳಿದ್ದಾರೆ. ಅಡ್ಡಬಂದವನನ್ನು ಬೇಕಂತ ಎಳೆದು ಸಾಯಿಸಿದ ಅನ್ನುವ ಹಾಗೆ ದೊಡ್ಡ ಕಲಮು ಹಚ್ಚಿದ್ದಾರಂತೆ, ಜಾಮೀನು ಸಿಗದೆ ಇರುವುದು ಅದಕ್ಕೇ. ನಾನು ತಪ್ಪೊಪ್ಪಿಕೊಂಡರೆ ಅದು ಸಣ್ಣ ಕಲಮಿಗೆ ಇಳಿಯಬಹುದು, ಎರಡು ವರ್ಷದಲ್ಲಿ ಹೊರಗೆ ಬರಬಹುದು. ಇಲ್ಲ ಅಂತ ನಿಂತರೆ ಕೇಸು ಎಷ್ಟು ವರ್ಷ ನಡೆಯುತ್ತದೋ, ಸೋತರೆ ಹತ್ತು ವರ್ಷವೂ ಆಗಬಹುದು. ನನ್ನ ಪಕ್ಕದಲ್ಲಿ ಮಲಗುವವನ ಕೇಸು ಶುರುವಾಗಲಿಕ್ಕೇ ನಾಲ್ಕು ವರ್ಷ ಹಿಡಿಯಿತು.

ನಾನು ಇನ್ನೂ ಹೌದು ಅಂದಿಲ್ಲ. ಜಿನಮತಿ ಮೌಶಿಯ ವ್ರತ ಏಪ್ರಿಲ್‌ನಲ್ಲಿ ಮುಗಿಯುತ್ತದಲ್ಲ? ಅವರು ಬಾಯಿ ಬಿಟ್ಟರೆ ಖರೇನೇ ಹೇಳುತ್ತಾರೆ. ಸಣ್ಣವರಿದ್ದಾಗ ನಾನೂ ಸೌರಭನೂ ಅವರ ಮನೆಯ ಕನ್ನಡಿ ಒಡೆದಿದ್ದೆವು. ಒಡೆದವನು ಸೌರಭ, ಪೆಟ್ಟು ತಿಂದವನೂ ಸೌರಭ. ಅಂಥ ತಾಯಿ ಅವರು. ಅಲ್ಲಿಯ ತನಕ ಕಾಯೋಣ. ನೀವು ಖಾನಾಪುರಕ್ಕೆ ಹೋಗಿ ಜಗಳ ತೆಗೆಯಬೇಡಿ.

ನಿಮ್ಮ ಮಗ,
ಸಾದಿಕ


ಬೆಳಗಾವಿ
೧೨ ಮಾರ್ಚ್ ೨೦೨೫

ಧನ್ಯಕುಮಾರ,

ಕಣಕುಂಬಿ ಬಸ್ಸು ಹತ್ತಿ, ಜಾಂಬೋಟಿ ದಾಟಿ ಇಳಿದು, ಕರೆಪ್ಪನ ಹೆಂಡತಿ ಕಾಶವ್ವನ ಮನೆಗೆ ಹೋಗಿದ್ದೆ. ರಂಜಾನಿನ ರೋಜಾ ಹಿಡಿದಿದ್ದೆ, ಬಿಸಿಲಿಗೆ ತಲೆ ಸುತ್ತುತ್ತಿತ್ತು. ಯಾಕೆ ಹೋದೆ ಅಂತ ಕೇಳಿದರೆ ಹೇಳುತ್ತೇನೆ. ನೀನಂತೂ ಕೇಳುವುದಿಲ್ಲ, ಅವಳಾದರೂ ನನ್ನ ಮಾತು ಕೇಳಲಿ ಅಂತ ಹೋದೆ.

ಅವಳು ಅಂಗಳದಲ್ಲಿ ಗೋಡಂಬಿ ಹಣ್ಣಿನಿಂದ ಬೀಜ ಬಿಡಿಸುತ್ತಿದ್ದಳು. ನಾನು ಯಾರು ಅಂತ ಹೇಳಿದೆ. ಎದ್ದು ಒಳಗೆ ಹೋಗುತ್ತಾಳೆ ಅಂದುಕೊಂಡಿದ್ದೆ, ಕುಂದರ್ರಿ ಅಂದಳು. ನಾನು ಎಲ್ಲವನ್ನೂ ಒದರಿದೆ. ನಸುಕು, ಎಮ್ಮೆ, ಮೊಣಕಾಲು, ತವರ, ನಿನ್ನ ಮಾತು. ಅವಳು ಕೈ ನಿಲ್ಲಿಸದೆ ಬೀಜ ಬಿಡಿಸುತ್ತಲೇ ಇದ್ದಳು.

"ನಮ್ಮಾಂವ ಅರ್ಧಾ ತಾಸು ಜೀವ ಹಿಡಕೊಂಡಿದ್ನಂತರಿ," ಅಂದಳು ಆಮೇಲೆ. "ಗಾಡಿ ನಿಂದ್ರಿಸಿ ದವಾಖಾನಿಗೆ ಒಯ್ದಿದ್ರ ಉಳೀತಿದ್ದ ಅಂತ ಡಾಕ್ಟರ್ ಅಂದ್ರು. ನೀವು ಬಂದ ಕುಂತು ಪತ್ರಾದ ಸುದ್ದಿ ಹೇಳಾಕತ್ತೀರಿ. ನಿಮ್ಮ ಮಗನೋ ಅವರ ಮಗನೋ, ಅದು ನಿಮ್ಮಿಬ್ಬರ ಜಗಳ. ನನ್ನ ಮನಿಯಾಂವ ಅಂತೂ ಬರೂದಿಲ್ಲ."

ನನಗೆ ನಾಚಿಕೆಯಾಯಿತು. ಇಷ್ಟು ದಿನದಲ್ಲಿ ನಾನು ಕರೆಪ್ಪನ ಹೆಸರನ್ನು ಸತ್ತ ಮನುಷ್ಯನ ಹೆಸರು ಅಂತ ಒಮ್ಮೆಯೂ ನೆನೆದಿರಲಿಲ್ಲ, ಕೇಸಿನ ಹೆಸರು ಅಂತಲೇ ನೆನೆದಿದ್ದೆ. ನೀನಾದರೂ ನೆನೆದಿದ್ದೀಯೇನು? ಸೌರಭ ನೆನೆಯುತ್ತಾನೇನು?

ನಿನ್ನ ದೊಡ್ಡ ವಕೀಲರು ಸಾದಿಕನಿಗೆ ತಪ್ಪೊಪ್ಪಿಕೋ ಅನ್ನುತ್ತಿದ್ದಾರೆ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಅವಳು ದೊಡ್ಡವಳಾಗಿ ಸಾಲೆಗೆ ಹೋದ ಮೇಲೆ ಯಾರಾದರೂ "ನಿಮ್ಮಪ್ಪ ಮನುಷ್ಯಾನ್ನ ಎಳಕೊಂಡ ಹೋಗಿ ಸಾಯಾಕ ಬಿಟ್ಟ ಬಂದಾಂವ" ಅಂದರೆ ಏನು ಮಾಡಬೇಕು? ಎರಡು ವರ್ಷ ಹೇಗೋ ಹೋಗುತ್ತವೆ, ಆ ಮಾತು ಹೋಗುವುದಿಲ್ಲ. ಸಾದಿಕ ಹೌದು ಅನ್ನುವ ಮೊದಲು ನೀನು ಬಾಯಿ ಬಿಡು. ಕಾಲಿಗೆ ಬೀಳು ಅಂದರೆ ಬೀಳುತ್ತೇನೆ, ನಿನ್ನ ಬಾಗಿಲಲ್ಲಿ ಎಲ್ಲರೂ ನೋಡುವ ಹಾಗೆ ಬೀಳುತ್ತೇನೆ.

ಮೀರಾಸಾಬ


ಖಾನಾಪುರ
೨೨ ಮಾರ್ಚ್ ೨೦೨೫

ಮೀರಾ,

ಬಹಳ ದಿನ ಉತ್ತರ ಬರೆಯಲಿಲ್ಲ. ಬರೆದು ಹರಿದು ಹಾಕಿದ್ದೇ ಹೆಚ್ಚು.

ದಿನಾ ಬೆಳಿಗ್ಗೆ ಬಸದಿಗೆ ಹೋಗುತ್ತೇನೆ. ಕೂರುತ್ತೇನೆ. ಏನನ್ನೂ ಬೇಡಿಕೊಳ್ಳಲು ಆಗುವುದಿಲ್ಲ, ಎದ್ದು ಬರುತ್ತೇನೆ. ಕಾಲಡಿ ಇರುವೆ ಸಿಕ್ಕೀತೆಂದು ನೋಡಿ ನಡೆಯುವ ಮನೆತನ ನಮ್ಮದು. ಸೌರಭ ಸಾಂಗಲಿಯಿಂದ ಬಂದಿದ್ದಾನೆ. ಕೋಣೆಯ ಕದ ತೆರೆಯುವುದಿಲ್ಲ. ಜಿನಮತಿ ಹೊಸ್ತಿಲಲ್ಲಿ ತಾಟು ಇಟ್ಟು ಬರುತ್ತಾಳೆ, ಸಂಜೆ ಅದೇ ತಾಟು ತರುತ್ತಾಳೆ. ಅವನ ಗಡ್ಡ ಬೆಳೆದು ನನ್ನ ತಂದೆಯ ಮುಖ ಬಂದಿದೆ.

ನನಗೆ ಅವನೊಬ್ಬನೇ. ನಿನಗೂ ಸಾದಿಕ ಒಬ್ಬನೇ ಎಂದು ಗೊತ್ತು. ನೀನು ಸಿಟ್ಟಿನಲ್ಲಿ ನೂರು ಮಾತು ಕೇಳಿದ್ದೀ, ನಾನು ಒಂದು ಕೇಳುತ್ತೇನೆ. ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ?

ಧನ್ಯಕುಮಾರ


ಬೆಳಗಾವಿ
೧೧ ಏಪ್ರಿಲ್ ೨೦೨೫

ಜಿನಮತಿ ವೈನಿಯವರಿಗೆ ಮೀರಾಸಾಬನ ನಮಸ್ಕಾರ.

ನಿನ್ನೆ ಮಹಾವೀರ ಜಯಂತಿ ಆಯಿತು. ನಿಮ್ಮ ವ್ರತ ಮುಗಿದಿರಬೇಕು. ಮುಗಿದ ಮೇಲೆ ಮೊದಲ ಮಾತು ಯಾರ ಹತ್ತಿರ ಆಡಿದಿರೋ ಗೊತ್ತಿಲ್ಲ. ಎರಡನೆಯದಾದರೂ ನಮ್ಮ ಸಲುವಾಗಿ ಆಡಿರಿ ಅಂತ ಬೇಡಲು ಬರೆದಿದ್ದೇನೆ.

ಧನ್ಯಾ ನನ್ನನ್ನು, ನನ್ನ ಜಾಗದಲ್ಲಿ ನೀನಿದ್ದರೆ ಅಂತ ಕೇಳಿದ್ದಾನೆ. ಆ ಕಾಗದವನ್ನು ವಕೀಲರಿಗೆ ತೋರಿಸಿದೆ. "ಇದರಾಗ ಏನೂ ಇಲ್ರಿ, ಬರೇ ಪ್ರಶ್ನಾ ಐತಿ," ಅಂದರು. ಸೌರಭನ ಜಾಗದಲ್ಲಿ ಸಾದಿಕ ಇದ್ದಿದ್ದರೆ ನಾನು ಅವನನ್ನು ಕೈ ಹಿಡಿದು ಠಾಣೆಗೆ ಒಯ್ಯುತ್ತಿದ್ದೆ ಅಂತ ಎದೆ ತಟ್ಟಿ ಹೇಳಲಾರೆ. ಆದರೆ ಅವನ ಬದಲಿಗೆ ಧನ್ಯಾನ ಮಗನನ್ನು ಅಲ್ಲಿಗೆ ಕಳಿಸುತ್ತಿರಲಿಲ್ಲ. ಅಷ್ಟು ಖಂಡಿತ ಹೇಳುತ್ತೇನೆ.

ಸಾದಿಕ ನಿಮ್ಮನ್ನೇ ನಂಬಿ ಕೂತಿದ್ದಾನೆ. ಗಂಡನ ವಿರುದ್ಧ ನಿಲ್ಲಿರಿ ಅನ್ನುತ್ತಿಲ್ಲ, ಮಗನನ್ನು ಒಪ್ಪಿಸಿರಿ ಅಂತಲೂ ಅನ್ನುತ್ತಿಲ್ಲ. "ಮಂಗಳವಾರ ನಸುಕಿನ ತನಕ ಗಾಡಿ ನಮ್ಮ ಅಂಗಳದಾಗ ಇತ್ತು" ಅನ್ನಿರಿ. ಇಷ್ಟೇ ಮಾತು. ಅದನ್ನು ಕೇಳಿದ ಮೇಲೆ ಏನಾಗಬೇಕೋ ಅದು ಆಗಲಿ.

ಈ ಕಾಗದವನ್ನು ಧನ್ಯಾನಿಗೂ ತೋರಿಸಿರಿ, ನನಗೆ ಮುಚ್ಚುಮರೆ ಬೇಡ.

ನಿಮ್ಮ ಮೈದುನನಂಥ
ಮೀರಾಸಾಬ


ಖಾನಾಪುರ
೨೪ ಏಪ್ರಿಲ್ ೨೦೨೫

ಮೀರಾಸಾಬನಿಗೆ,

ಜಿನಮತಿಗೆ ನೀನು ಬರೆದ ಕಾಗದವನ್ನು ಅವಳ ಕೈಯಲ್ಲೇ ಕೊಟ್ಟೆ. ಜಯಂತಿ ಮುಗಿದಿದ್ದರೂ ಅವಳು ಇನ್ನೂ ಮಾತು ಶುರುಮಾಡಿರಲಿಲ್ಲ. ದೇವರ ಕೋಣೆಯಲ್ಲಿ ಕೂತು ಓದಿದಳು, ಮಡಚಿದಳು, ಮತ್ತೆ ಬಿಚ್ಚಿ ಓದಿದಳು. ಆ ದಿನ ಊಟ ಮಾಡಲಿಲ್ಲ.

ಮರುದಿನ ಬಸದಿಗೆ ಹೋದೆವು. ಅಲ್ಲಿ ನಾಲ್ಕು ಜನರ ಎದುರು ಅವಳ ಧ್ವನಿ ಕೇಳಿದೆ. ಇಷ್ಟು ತಿಂಗಳ ಮೇಲೆ ಒಡೆದು ಬೇರೆ ಯಾರದೋ ಧ್ವನಿಯಂತಿತ್ತು. ಮೌನವನ್ನು ಜೀವ ಇರುವ ತನಕ ಕೊಡಿರಿ ಎಂದು ಕೇಳಿದಳು. ಕಾಷ್ಠಮೌನ. ಬರೆದು ತಿಳಿಸುವುದಿಲ್ಲ, ಸನ್ನೆಯನ್ನೂ ಮಾಡುವುದಿಲ್ಲ. ಅಷ್ಟು ಕಠಿಣ ಬೇಡ ಎಂದು ಎಲ್ಲರೂ ಹೇಳಿದರು, ಕೇಳಲಿಲ್ಲ.

ಈಗ ಸುತ್ತಲಿನ ಊರುಗಳಿಂದ ಹೆಂಗಸರು ಬಂದು ಅವಳ ಕಾಲು ಮುಟ್ಟಿ ಹೋಗುತ್ತಿದ್ದಾರೆ. ಸೊಸೆಯಂದಿರನ್ನು, ಮಕ್ಕಳನ್ನು ಕರೆತರುತ್ತಾರೆ. ನಾನು ಬಾಗಿಲಲ್ಲಿ ನಿಂತು ಬಂದವರಿಗೆ ನೀರು ಕೊಡುತ್ತೇನೆ.

ಇನ್ನು ಬರೆಯಬೇಡ ಮೀರಾ. ನನಗೆ ಓದುವ ಶಕ್ತಿಯಿಲ್ಲ.

ಧನ್ಯಕುಮಾರ


ಹಿಂಡಲಗಾ
೨೦ ಮೇ ೨೦೨೫

ಅಬ್ಬಾ,

ಮೌಶಿಯ ಸುದ್ದಿ ನೀವು ಹೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಎಲ್ಲಿಯೋ ಒಂದು ಕದ ಮುಚ್ಚಿದ ಹಾಗಾಯಿತು, ಇನ್ನು ಅದರ ಕಡೆ ನೋಡುವ ಕೆಲಸ ಉಳಿಯಲಿಲ್ಲ.

ನಾನು ಹೌದು ಅಂತ ವಕೀಲರಿಗೆ ಹೇಳಿದ್ದೇನೆ. ನೀವು ಬೇಡ ಅನ್ನುತ್ತೀರಿ ಅಂತ ಮೊದಲೇ ಅವರಿಗೆ ಹೇಳಿ ಆಮೇಲೆ ನಿಮಗೆ ಬರೆಯುತ್ತಿದ್ದೇನೆ. ಮಗಳು ನಡೆಯಲು ಕಲಿಯುವುದನ್ನಂತೂ ನೋಡಲಾರೆ, ಸಾಲೆಗೆ ಹೋಗುವುದನ್ನಾದರೂ ನೋಡುತ್ತೇನೆ. ಖರೇ ಮಾತು ಹಿಡಿದುಕೊಂಡು ಕೂತರೆ ಅದೂ ಇಲ್ಲ. ಕೋರ್ಟಿನಲ್ಲಿ ಏನು ಕೇಳುತ್ತಾರೆ, ನಾನು ಏನು ಹೇಳಬೇಕು ಅಂತ ವಕೀಲರು ಕಲಿಸಿದ್ದಾರೆ. ಬಾಯಿಪಾಠ ಆಗಿದೆ. ಈ ಕಾಗದವನ್ನು ಬಿಡುಗಡೆಯಾದವನೊಬ್ಬನ ಕೈಯಲ್ಲಿ ಕಳಿಸುತ್ತಿದ್ದೇನೆ, ಸಾಹೇಬರು ಓದಿಲ್ಲ.

ಆ ದಿನ ನೀವು ಬರಬೇಡಿ. ನಿಮ್ಮ ಮುಂದೆ ನನಗೆ ಹೇಳಲು ಆಗುವುದಿಲ್ಲ.

ಸಾದಿಕ


ಬೆಳಗಾವಿ
೨೦ ಜೂನ್ ೨೦೨೫

ಜಿನಮತಿ ವೈನಿ,

ಧನ್ಯಾ ಬರೆಯಬೇಡ ಅಂದಿದ್ದಾನೆ. ಇದು ಅವನಿಗಲ್ಲ. ನಿಮಗೆ ಉತ್ತರ ಕೊಡುವ ಕೆಲಸವೂ ಇಲ್ಲ, ಓದಿದರೆ ಸಾಕು.

ಮಗ ಬೇಡ ಅಂದಿದ್ದ, ಆದರೂ ಕೋರ್ಟಿಗೆ ಹೋದೆ. ಕಂಬದ ಹಿಂದೆ ನಿಂತೆ. ಶೈಸ್ತಾ ಕೂಸನ್ನು ಎತ್ತಿಕೊಂಡು ಮುಂದೆ ಕೂತಿದ್ದಳು. ನ್ಯಾಯಾಧೀಶರು ಒಳ್ಳೆಯವರು, ಅವಸರ ಮಾಡಲಿಲ್ಲ. ಕನ್ನಡದಲ್ಲೇ ಕೇಳಿದರು.

"ಯಾರಾದರೂ ನಿನ್ನ ಮೇಲೆ ಒತ್ತಾಯ ಮಾಡಿದ್ದಾರೇನು?"

"ಇಲ್ರಿ."

"ಆ ಸಂಜೆ ಕಾರು ಓಡಿಸುತ್ತಿದ್ದವನು ನೀನೇ?"

"ಹೌದ್ರಿ."

"ಮನುಷ್ಯ ಬಿದ್ದದ್ದು ಗೊತ್ತಾಗಿತ್ತೇ?"

"ಗೊತ್ತಾಗಿತ್ರಿ."

ಒಂದೊಂದಕ್ಕೂ ಉತ್ತರ ಅಲ್ಲಲ್ಲೇ ಬಂತು. ಚೆನ್ನಾಗಿ ಕಲಿತಿದ್ದ. ಎರಡು ವರ್ಷ ಶಿಕ್ಷೆ ಆಯಿತು, ಒಳಗಿದ್ದ ಏಳು ತಿಂಗಳನ್ನು ಅದರಲ್ಲೇ ಹಿಡಿಯುತ್ತಾರೆ. ಎಲ್ಲರೂ ಬಹಳ ಕಡಿಮೆ ಅಂದರು. ಗೌರೀಶ ವಕೀಲರು ನನ್ನ ಭುಜ ತಟ್ಟಿದರು.

ಹೊರಗೆ ಕರೆತಂದಾಗ ಜಗಲಿಯಲ್ಲಿ ಕಾಶವ್ವ ಅಡ್ಡ ನಿಂತಳು. ಪೊಲೀಸರು ಸರಿ ಅಂದರೂ ಸರಿಯಲಿಲ್ಲ. ನನ್ನ ಮಗನಿಗಿಂತ ಅವಳು ಇನ್ನೂ ಗಿಡ್ಡ, ತಲೆ ಎತ್ತಿ ನೋಡಿದಳು.

"ಯಾಕ ನಿಂದ್ರಲಿಲ್ಲೋ ಯಪ್ಪಾ?" ಅಂತ ಕೇಳಿದಳು.

ಇದನ್ನು ವಕೀಲರು ಕಲಿಸಿರಲಿಲ್ಲ ವೈನಿ. ನಾನು ಕಂಬದ ಹಿಂದಿನಿಂದ ಹೊರಗೆ ಬಂದೆ. ಇವನು ಅಲ್ಲಿ ಇರಲೇ ಇಲ್ಲ ತಾಯೀ ಅಂತ ಕೂಗಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು. ಮಗ ನನ್ನನ್ನು ನೋಡಿ, ಬೇಡ ಅಂತ ಕಣ್ಣಲ್ಲೇ ಹೇಳಿದ. ನಾನೂ ಬಾಯಿ ಮುಚ್ಚಿಕೊಂಡೆ. ಆಮೇಲೆ ಅವನು ಹೇಳಿದ:

"ಅಂಜಿಕಿ ಆತ್ರಿ ಅವ್ವಾ."

ಇಷ್ಟು ತಿಂಗಳು ಕಾಶವ್ವ ಕಾದದ್ದು ಆ ಒಂದು ಉತ್ತರಕ್ಕೆ ಅಂತ ಕಾಣುತ್ತದೆ. "ನಿನ್ನ ಮಕ್ಕಳಿಗೂ ಹಿಂಗ ಆಗ್ಲಿ," ಅಂದು ದಾರಿ ಬಿಟ್ಟಳು. ಶೈಸ್ತಾ ಕೂಸಿನ ಕಿವಿಯ ಮೇಲೆ ಕೈ ಇಟ್ಟಳು.

ಆ ಪ್ರಶ್ನೆಯ ಉತ್ತರ ನಿಮ್ಮ ಮನೆಯ ಕೋಣೆಯೊಳಗೆ ಕದ ಹಾಕಿಕೊಂಡು ಕೂತಿದೆ. ಆ ಶಾಪವೂ ಅಲ್ಲಿಗೇ ಹೋಗಬೇಕಾಗಿತ್ತು. ಎರಡನ್ನೂ ನನ್ನ ಮಗ ಇಸಿದುಕೊಂಡ.

ಸುಳ್ಳು ನಿಮ್ಮ ನಾಲಿಗೆಗೆ ಸೋಕಬಾರದು ಅಂತ ನೀವು ಜನ್ಮಕ್ಕೆಲ್ಲ ಬಾಯಿ ಹೊಲಿದುಕೊಂಡಿರಿ. ನಿಮಗೆ ಸೋಕಲಿಲ್ಲ, ಖರೇ. ನ್ಯಾಯಾಧೀಶರ ಮುಂದೆ ಮೂರು, ಆ ಹೆಂಗಸಿನ ಮುಂದೆ ಒಂದು, ನಿಮ್ಮ ಮನೆಯ ಸುಳ್ಳನ್ನೆಲ್ಲ ಸಾದಿಕ ಹೇಳಿ ಮುಗಿಸಿದ್ದಾನೆ. ಬಂದವರು ನಿಮ್ಮ ಕಾಲು ಮುಟ್ಟಿದಾಗ ಇದು ನೆನಪಿರಲಿ.

ಮೀರಾಸಾಬ